ಮಾವನವರ ಕೊರಳಲ್ಲಿ ತಾಳಿ

ಸುಂದರಬಾಯಿ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಆಳಂದದ ತವರುಮನೆಯಲ್ಲಿ, ಮಣ್ಣೂರಿನಿಂದ ನನಗೆ ಸಂಬಂಧ ತಂದ ಧರ್ಮಣ್ಣ ಕಾಕಾನ ಬಾಯಿಂದ. ನನಗೆ ಅತ್ತೆಯಾಗುವವಳು ದೊಡ್ಡ ಪತಿವ್ರತೆಯಂತೆ, ಗಂಡ ಹೊಲದಿಂದ ಬರುವ ತನಕ ನೀರನ್ನೂ ಮುಟ್ಟಳಂತೆ. ಲಗ್ನವಾಗಿ ಹೋಗಿ ನೋಡಿದರೆ, ಮಾವನವರ ಬಂಡಿಯ ಸದ್ದು ಓಣಿಯ ತುದಿಗೆ ಕೇಳುತ್ತಲೇ ಅತ್ತೆ ಬಾಯಿ ಒರೆಸಿಕೊಂಡು, ಹಸಿದ ಮುಖ ಮಾಡಿ ಬಾಗಿಲಲ್ಲಿ ಕೂಡುತ್ತಿದ್ದಳು. ಎರಡನೇ ಸಲ ಉಣ್ಣಲಿಕ್ಕೂ ಆಕೆಗೆ ಬೇಸರವಿರಲಿಲ್ಲ.

ಆದರೆ ಒಂದು ಮಾತು ನಿಜ. ಗಂಡನಿಗಿಂತ ಮೊದಲು, ಮುತ್ತೈದೆಯಾಗಿ ಹೋಗಬೇಕೆಂಬುದೊಂದೇ ಆಕೆಯ ಆಸೆ. ಮಾವನವರಿಗೆ ಸೀನು ಬಂದರೂ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊರುತ್ತಿದ್ದಳು.

ತೊಂಬತ್ತೇಳನೇ ಇಸವಿಯಲ್ಲಿ ಎದೆನೋವು ಆಕೆಗೇ ಬಂತು. ವಾಯು ಎಂದು ಅಜವಾನ, ಅದೇ ಓಮಕಾಳು, ಅಗಿದದ್ದೇ ಅಗಿದದ್ದು. ಕೊಡ ಹೊತ್ತು ಮೆಟ್ಟಿಲಲ್ಲಿ ಕುಸಿದ ಮೇಲೆ ಹೈದರಾಬಾದಿಗೆ ಒಯ್ದೆವು. ಹೃದಯದ ರಕ್ತನಾಳ ಕಿರಿದಾಗಿದೆ, ತೊಡೆಯಿಂದ ಸಣ್ಣ ನಳಿಗೆ ತೂರಿಸಿ, ಒಳಗೆ ಬಲೆಯಂಥ ಸ್ಟೆಂಟ್ ಕೂಡಿಸಿ ಅಗಲ ಮಾಡುತ್ತೇವೆ ಎಂದರು ಡಾಕ್ಟರು. ಬಾವಿ ಕುಸಿಯದಂತೆ ಸಿಮೆಂಟಿನ ರಿಂಗು ಇಳಿಸಿದ ಹಾಗೆ ಎಂದು ಅತ್ತೆಯೇ ನನಗೆ ತಿಳಿಸಿ ಹೇಳಿದಳು.

ಒಳಗೆ ಒಯ್ಯುವಾಗ ನರ್ಸು, ಎದೆಯ ಮೇಲಿನ ತಾಳಿ ಎಕ್ಸ್‌ರೇ ಫೋಟೋಕ್ಕೆ ಅಡ್ಡ ಬರುತ್ತದೆ, ತೆಗೆಯಿರಿ ಎಂದಳು. ಅತ್ತೆ ಎದ್ದು ಕುಳಿತಳು. ಗಂಡ ಇರುವಾಗ ತಾಳಿ ತೆಗೆದರೆ ಅವರ ಜೀವಕ್ಕೇ ಕೇಡು, ಇಲ್ಲೇ ಸತ್ತರೂ ತೆಗೆಯುವುದಿಲ್ಲ ಎಂದಳು. ಡಾಕ್ಟರು ತಡವಾಗುತ್ತದೆಂದು ಗದರಿದರು. ಸೊಸೆಯ ಕೊರಳಿಗೆ ಹಾಕು ಎಂದರು ಮಾವನವರು.

"ಇನ್ನೊಬ್ಬಾಕಿ ಕೊರಳಿಗಿ ಹಾಕಿದ್ರ ನಿಮಗ ಇನ್ನೊಂದು ಲಗ್ನ ಆದಂಗ," ಎಂದಳು ಅತ್ತೆ. "ಕಟ್ಟಿದವರು ನೀವು, ನೀವೇ ಹಾಕ್ಕೋರಿ."

"ನನ್ನ ಮೀಸಿ ನೋಡಿ ಮಾತಾಡು ಬೇ."

"ಮೀಸಿಗಿ ಎಲ್ಲಿ ಹಾಕ್ಕೋರಿ ಅಂದೇನ್ರಿ, ಕೊರಳಿಗಿ."

ಪಂಚಾಯ್ತಿಯಲ್ಲಿ ಯಾರಿಗೂ ಬಾಗದ ದೌಲತರಾಯ ಮಾವನವರು ತಲೆ ಬಾಗಿಸಿದರು. ಹಾಕಿದವಳು ಆಕೆಯೇ. ಆಮೇಲೆ ಹೊರಗೆ ಕುಳಿತಾಗ, ಪಕ್ಕದ ಮುದುಕಿಯೊಬ್ಬಳು ಇದು ನಿಮ್ಮ ಕಡೆಯ ಪದ್ಧತಿಯೇ ಎಂದು ಕೇಳಿದಳು. ಹೌದು, ದೊಡ್ಡ ಮನೆತನದವರಲ್ಲಿ ಮಾತ್ರ ಎಂದುಬಿಟ್ಟರು ಮಾವನವರು. ಊರಲ್ಲಿ ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡರು.

ಸ್ಟೆಂಟ್ ಕುಳಿತಿತು, ನೋವು ನಿಂತಿತು. ಅತ್ತೆ ಗುಳಿಗೆ ನುಂಗುತ್ತ ಮೊದಲಿನ ಹಾಗೇ ನನ್ನ ಮೇಲೆ ಜೋರು ಮಾಡಿಕೊಂಡಿದ್ದಳು. ಆದರೆ ತೊಂಬತ್ತೊಂಬತ್ತರ ಚಳಿಯಲ್ಲಿ ಬೇರೆಯೇ ಒಂದು ಜ್ವರ ಬಂದು ಹಾಸಿಗೆ ಹಿಡಿದಳು, ಏಳಲಿಲ್ಲ. ಕೊನೆಗೊಂದು ದಿನ ಮಾವನವರು ಹೊರಗೆ ಹೋಗುವುದನ್ನೇ ಕಾದು, ನನ್ನನ್ನು ಹತ್ತಿರ ಕರೆದಳು.

"ತಂಗಿ, ಅವರಿಗೂ ಎದಿ ನೋಯಾಕತ್ತದ, ಮುಚ್ಚಿಡಾಕತ್ತಾರ. ಹೈದ್ರಾಬಾದಿಗಿ ಕರಕೊಂಡು ಹೋಗು. ಒಲ್ಲೆ ಅಂದ್ರ, ತಾಳಿ ಹಾಕ್ಕೊಂಡಿದ್ದು ಕಟ್ಟಿ ಮ್ಯಾಲ ಕುಂತವರಿಗೆಲ್ಲ ಹೇಳ್ತೇನಿ ಅಂತ ಹೆದರಸು."