ಪಾಳಿ ತಪ್ಪಿಸಲು ಕೆರೆಗೆ ಹೋದದ್ದು

ಮುಂಡಗೋಡದ ಕಡೆಯ ಕೆರೆಗಳನ್ನು ನೋಡಿ ಬಂದವರು ನನ್ನೆದುರು ಕೂತು ಹೊಗಳುತ್ತಾರೆ. ಸುತ್ತ ತೇಗದ ಕಾಡು, ನಡುವೆ ನೀರು, ನೀರಿನ ತುಂಬ ತಾವರೆ, ಏನು ಚೆಂದ, ಎಂಥ ಗಾಳಿ! ನಾನು ಹೂಂ ಎನ್ನುತ್ತೇನೆ. ದೂರದ ಬೆಟ್ಟ ನುಣ್ಣಗೆ. ಆ ನೀರಿನ ದಂಡೆಯಲ್ಲಿ ಬೆಳೆದವರ ಹೊಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿದ್ದರೆ ಇವರ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ.

ನಮ್ಮ ಅಪ್ಪ ಅಲ್ಲಿ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತ. ಅವ್ವ ಚಳಿಜ್ವರದಲ್ಲಿ ಹೋಗಿದ್ದಳು. ಮನೆಯಲ್ಲಿ ಉಳಿದವರು ಅಪ್ಪ, ಅಪ್ಪನ ತಾಯಿ ಆಯಿ, ಅಕ್ಕ, ನಾನು. ಅವ್ವನನ್ನು ಒಯ್ದ ಜ್ವರವೇ ಈಗ ಅಕ್ಕನ ಬೆನ್ನು ಹತ್ತಿತ್ತು. ಅದು ದಿನ ಬಿಟ್ಟು ದಿನ ಬರುತ್ತಿತ್ತು. ಬರುವ ದಿನಕ್ಕೆ ಪಾಳಿ ಎನ್ನುತ್ತಿದ್ದೆವು, ಅದೇನೋ ನಮ್ಮ ಮನೆಗೆ ನೀರು ಬಿಡುವ ಸರದಿ ಅನ್ನುವ ಹಾಗೆ. ಪಾಳಿಯ ದಿನ ಮಧ್ಯಾಹ್ನ ಮೊದಲು ಆಕಳಿಕೆ, ಆಮೇಲೆ ಉಗುರು ನೀಲಿ, ಆಮೇಲೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿದರೂ ನಿಲ್ಲದ ನಡುಕ. ಮರುದಿನ ಎದ್ದು ಏನೂ ಆಗಿಲ್ಲವೆಂಬಂತೆ ರೊಟ್ಟಿ ಬಡಿಯುತ್ತಿದ್ದಳು.

ಯುದ್ಧದ ಕಾಲ. ಕ್ವಿನೈನ್ ಎಲ್ಲಿಯೂ ಸಿಗುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಒಂದೇ ಮಾತು, ಈ ನೀರು ಬಿಡಿಸಿ, ಬಯಲುಸೀಮೆಗೆ ಕಳಿಸಿರಿ. ಹೇಳುವುದೇನೋ ಸುಲಭ. ಹೊಟ್ಟೆಪಾಡು ಬಿಟ್ಟು ಅಪ್ಪ ಎಲ್ಲಿಗೆ ಹೋಗಬೇಕು? ಹೆಣ್ಣುಮಗಳಿಗೆ ಊರು ಬಿಡಲು ಇದ್ದದ್ದು ಮದುವೆ ಎಂಬ ಒಂದೇ ದಾರಿ. ಬಯಲುಸೀಮೆಯವರೋ, ನಮ್ಮ ಕಡೆಯ ಹೆಣ್ಣೆಂದರೆ ಮೂಗು ಮುರಿಯುತ್ತಿದ್ದರು. ಅಂಥದರಲ್ಲಿ ಧಾರವಾಡದ ಹತ್ತಿರದ ಒಂದು ಊರಿನಿಂದ ಸಂಬಂಧ ಬಂತು. ಹುಡುಗ ಸಾಲೆ ಮಾಸ್ತರ. ಅವನ ತಾಯಿ ತನ್ನ ತಮ್ಮನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದು ನಮ್ಮೂರಲ್ಲೇ ಪರಿಚಯದವರ ಮನೆಯಲ್ಲಿ ಇಳಿದರು.

ಮರುದಿನ ಸಂಕ್ರಾಂತಿ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಕೆರೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಉಣ್ಣುವ ಹಬ್ಬ. ಬೀಗರಾಗುವವರನ್ನೂ ಕರೆಯಬೇಕಾಯಿತು. ಆದರೆ ಅದೇ ದಿನ ಅಕ್ಕನ ಪಾಳಿ. ಹೆಣ್ಣು ತೋರಿಸುವುದನ್ನು ಒಂದು ದಿನ ಮುಂದೆ ಹಾಕೋಣವೆಂದರೆ ಸಂಕ್ರಾಂತಿಯ ಮರುದಿನ ಕರಿ, ಆ ದಿನ ಶುಭಕಾರ್ಯದ ಮಾತೇ ಎತ್ತುವಂತಿಲ್ಲ.

"ಏನರೆ ನೆವ ಹೇಳಿ ಬಿಟ್ಟಬಿಡೂಣು," ಎಂದರು ಅಪ್ಪ.

"ಬಿಡೂದ್ಯಾಕ? ಬೇಕಂತನ ಹೋಗೂಣು," ಎಂದಳು ಆಯಿ. "ಪಾಳಿ ಹೊತ್ತಿನ್ಯಾಗ ಆಕಿ ಮನ್ಯಾಗ ಇರಬಾರದು. ಆಟದಾಗ ಮೈಮರೀಬೇಕು. ಜ್ವರ ಬಂದು, ಹುಡುಕಿ, ಹೊಳ್ಳಿ ಹೋಗತೈತಿ. ಒಮ್ಮೆ ಪಾಳಿ ತಪ್ಪಿತಂದ್ರ ಮತ್ತ ಈ ಕಡೆ ಹಣಿಕಿ ಹಾಕಂಗಿಲ್ಲ."

ನಗಬೇಡಿ. ಪಾಳಿ ತಪ್ಪಿಸುವುದನ್ನು ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದರು. ಜ್ವರದವರನ್ನು ನೆಂಟರ ಮನೆಗೆ ಒಯ್ಯುವುದು, ಕತೆ ಹೇಳುವುದು, ಪಗಡೆಗೆ ಕೂರಿಸುವುದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತೆ ಅಕ್ಕನಿಗೂ ಕೆರೆಗೆ ಹೋಗುವ ಆಸೆ. ಅಪ್ಪನೂ ಆ ಮಣ್ಣಿನವರೇ. ಒಪ್ಪಿದರು.

ಚಕ್ಕಡಿ ಕಟ್ಟಿ ಹೊತ್ತೇರುವ ಮೊದಲೇ ಕೆರೆ ಮುಟ್ಟಿದೆವು. ಅಷ್ಟು ಸುಂದರವಾದ ಬೆಳಗನ್ನು ನಾನು ಮತ್ತೆ ಕಂಡಿಲ್ಲ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನೀರಿನ ಮೇಲೆ ಮಂಜು ಎದ್ದು ಕರಗುತ್ತಿತ್ತು. ಆಚೆ ದಡದಲ್ಲಿ ಕೊಕ್ಕರೆಗಳಿದ್ದವು. ಎಳ್ಳು ಹಚ್ಚಿಕೊಂಡು ಮಿಂದೆವು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ. ಹುಡುಗನ ತಾಯಿ ಅಕ್ಕ ಬಡಿಸುವುದನ್ನೇ ನೋಡುತ್ತ, "ಕೈ ಹಗೂರ ಐತಿ ಹುಡಿಗೀದು," ಎಂದು ತಮ್ಮನಿಗೆ ಹೇಳಿದರು. ಆಯಿ ನನ್ನ ತೊಡೆ ಚಿವುಟಿದಳು. ಗೆದ್ದೆವು ಎಂದೇ ನಾವೆಲ್ಲ ತಿಳಿದೆವು.

ಬಿಸಿಲು ನೆತ್ತಿಗೆ ಬರುತ್ತಿದ್ದಂತೆ ಆಯಿ ನಮ್ಮಿಬ್ಬರನ್ನು ಮೀನು ಹಿಡಿಯುವವನ ಹರಿಗೋಲಿಗೆ ಹತ್ತಿಸಿ ತಾವರೆ ತರಲು ಅಟ್ಟಿದಳು. ನೀರ ನಡುವೆ ಜ್ವರ ಹೇಗೆ ಹುಡುಕೀತು? ಹರಿಗೋಲು ಗಿರಗಿರನೆ ತಿರುಗಿತು. ಅಕ್ಕ ಕಿರುಚಿದಳು, ನಕ್ಕಳು, ತಾವರೆಯ ದಂಟು ಜಗ್ಗಲು ಹೋಗಿ ಮೊಣಕೈವರೆಗೆ ತೋಯಿಸಿಕೊಂಡಳು.

"ಹೊತ್ತು ದಾಟಿತಲ್ಲ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. "ದಾಟಿರಬೇಕು. ನನಗೇನೂ ಆಗವಲ್ತು ನೋಡ."

ಆಮೇಲೆ ಆಕಳಿಸಿದಳು. ನಾನು ನೋಡದವಳ ಹಾಗೆ ಮುಖ ತಿರುಗಿಸಿದೆ. ಮತ್ತೆ ಆಕಳಿಸಿದಳು. ದಡಕ್ಕೆ ಬರುವಷ್ಟರಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವು.

"ನೀರು ಭಾಳ ಥಂಡಿ ಅದಾವ್ರಿ," ಎಂದು ಆಯಿ ಒಂದೇ ಸಮನೆ ಹೇಳತೊಡಗಿದಳು. ಸುಡು ಬಿಸಿಲಿನಲ್ಲಿ ಯಾರು ನಂಬಬೇಕು? ಚಕ್ಕಡಿಯ ಹುಲ್ಲಿನ ಮೇಲೆ ಅಕ್ಕನನ್ನು ಮಲಗಿಸಿ, ಕಂಬಳಿ ಹೊದಿಸಿ, ಹುಡುಗನ ತಾಯಿಯೇ ಪಕ್ಕದಲ್ಲಿ ಕೂತರು. ಒಳ್ಳೆಯ ಹೆಂಗಸು, ಹಣೆ ಒರೆಸಿದರು. ಹಾಗೇ ಕಂಬಳಿಯೊಳಗೆ ಕೈ ಇಳಿಸಿ ಎಡಗಡೆ ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಒತ್ತಿದರು.

"ಗಡ್ಡಿ ಕಟ್ಟೇತಿ," ಎಂದರು.

ಚಳಿಜ್ವರ ಹಳೆಯದಾದರೆ ಗುಲ್ಮ ಊದಿ ಅಲ್ಲಿ ಗಡ್ಡೆಯಂತೆ ಕೈಗೆ ಸಿಗುತ್ತದೆ. ಆಕೆ ನನ್ನ ಕಡೆ ತಿರುಗಿದರು. "ಬಾರವಾ ಇಲ್ಲೆ." ಹೋದೆ. ಎಲ್ಲರೆದುರು ನನ್ನ ಹೊಟ್ಟೆಯನ್ನೂ ಒತ್ತಿದರು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವಂತೆ.

"ಸಣ್ಣಾಕೀದು ಮೆತ್ತಗೈತಿ. ಈಕಿನ್ನ ಕೊಡ್ರಿ. ಇದನ್ನರೆ ಈ ನೀರಿನಿಂದ ಪಾರು ಮಾಡೂಣು."

ಅಪ್ಪ ಕೆರೆಯ ಕಡೆ ನೋಡುತ್ತ ನಿಂತರು. ಆಗ ನನಗೆ ಹದಿನಾಲ್ಕು. ಬೇಡ ಎನ್ನುತ್ತಾರೆಂದು ಅವರ ಬಾಯಿಯನ್ನೇ ನೋಡಿದೆ. "ಆಗ್ಲಿರಿ," ಎಂದರು. ಕಂಬಳಿ ನಡುಗುತ್ತಲೇ ಇತ್ತು. ಕೇಳಿಸಿತೋ ಇಲ್ಲವೋ ಎಂದು ನಾನು ಅಕ್ಕನನ್ನು ಎಂದೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಗಂಡನ ಮನೆಗೆ ಹೊರಟಾಗ ಅಕ್ಕ ಚಕ್ಕಡಿಯವರೆಗೆ ಬಂದು, "ಅಲ್ಲಿ ನೆಲ ಎಲ್ಲ ಕಪ್ಪಗಿರತೈತಂತ, ನೀರು ನಿಂದ್ರಂಗಿಲ್ಲಂತ, ಖರೇನ?" ಎಂದು ಕೇಳಿದಳು. ನೋಡಿ ಹೇಳತೇನಿ ಎಂದೆ. ಹೇಳುವುದಾಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ತೀರಿಕೊಂಡ ಸುದ್ದಿ ಬಂತು. ಆ ನೀರಿಗೆ ಸೊಸೆಯನ್ನು ಕಳಿಸಲು ಗಂಡನ ಮನೆಯವರು ಒಪ್ಪಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಅಳುತ್ತ ಕೂತಿದ್ದೆ. ಅತ್ತೆ ಬಂದು ಬೆನ್ನು ಸವರಿದರು. ಸಮಾಧಾನ ಮಾಡಲೆಂದೇ, ನಿಜವಾದ ಅಂತಃಕರಣದಿಂದ ಹೇಳಿದರು: "ಅವತ್ತ ನಾ ಮುಟ್ಟಿ ನೋಡಿದ್ದು ಎಷ್ಟ ಛಲೋ ಆತು ನೋಡವಾ. ಇಲ್ಲಂದ್ರ ಇವತ್ತ ನಮ್ಮ ಮನ್ಯಾಗ ಹೆಣ ಬೀಳತಿತ್ತು."