ಇಪ್ಪತ್ತನಾಲ್ಕನೆಯ ಲೋಟ

ಊರಿಗಾಮಿನ ಚಿನ್ನದ ಗಣಿಯ ಸೈರನ್ ಕೂಗು ಇನ್ನೂ ಕೇಳಿಲ್ಲ. ಕದಿರಮ್ಮ ಆಗಲೇ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ರಾಗಿ ಗಂಜಿ ತಿರುವುತ್ತಿದ್ದಾರೆ. ಅವರ ಹಿಂದೆ ತಟ್ಟಿಗೋಡೆಗೆ ಒಂದು ಉದ್ದನೆಯ ಹಲಗೆ. ಹಲಗೆಯ ಮೇಲೆ ಸಾಲಾಗಿ ಇಪ್ಪತ್ತನಾಲ್ಕು ಹಿತ್ತಾಳೆ ಲೋಟ. ಕೂಗು ಆಗುತ್ತದೆ. ರಾತ್ರಿ ಪಾಳಿ ಮುಗಿಸಿದವರು ಮೈಯೆಲ್ಲ ಬೂದಿಬಣ್ಣದ ಧೂಳಾಗಿ ಗೇಟಿನಿಂದ ಹೊರಗೆ ಬರುತ್ತಾರೆ. ಗೇಟಿಗೂ ಗಣಿ ಕೆಲಸದವರ ಲೈನ್ ಮನೆಗಳಿಗೂ ನಡುವೆ ಸಾರಾಯಿ ಅಂಗಡಿ. ಅಂಗಡಿಗೆ ನಲವತ್ತು ಹೆಜ್ಜೆ ಮೊದಲೇ ಈ ಗುಡಿಸಲು.

ಒಬ್ಬೊಬ್ಬರೇ ಒಳಗೆ ಬಂದು ತಮ್ಮ ಲೋಟ ತೆಗೆದುಕೊಂಡು ಚಾಪೆಯ ಮೇಲೆ ಕೂರುತ್ತಾರೆ. ಎಲ್ಲರೂ ಕುಡಿತ ಬಿಟ್ಟವರು, ಇಲ್ಲವೇ ಬಿಡಲು ಹೆಣಗುತ್ತಿರುವವರು. ಹಿಂದಿನ ದಿನ ಕುಡಿದವನು ತನ್ನ ಲೋಟವನ್ನು ತಾನೇ ಬೋರಲು ಹಾಕಬೇಕು. ಬೈಯುವವರಿಲ್ಲ, ಕೇಳುವವರೂ ಇಲ್ಲ. ಅವನೇ ಬಾಯಿಬಿಟ್ಟು ಹೇಳಿದ ಮೇಲೆ ಕದಿರಮ್ಮ ಲೋಟ ನೆಟ್ಟಗೆ ಮಾಡಿ ಗಂಜಿ ಹುಯ್ಯುತ್ತಾರೆ.

ಇಂದು ಬೋರಲಾಗಿರುವುದು ಕುಪ್ಪುಸ್ವಾಮಿಯ ಲೋಟ. ಕದಿರಮ್ಮನ ಮುಂದೆ ಬಂದು ಕೂರುತ್ತಾನೆ.

"ಮಚ್ಚಾನ್ ಬಂದಿದ್ದ, ಅಕ್ಕಾ, ನನ್ ಬಾಮೈದ. ಒಂದೇ ಒಂದು ಅಂದ."

"ಒಂದೇ ಕುಡುದ್ಯಾ?"

"ಎಣಿಸಕ್ಕೆ ನಾನೆಲ್ಲಿದ್ದೆ ಅಕ್ಕಾ!"

ಗುಡಿಸಲು ತುಂಬ ನಗು. ಲೋಟ ನೆಟ್ಟಗಾಗುತ್ತದೆ.

ಈ ಕೂಟಕ್ಕೆ ಹೆಸರಿಲ್ಲ, ಹೊರಗೆ ಬೋರ್ಡಿಲ್ಲ. ಹೊಸಬರು ಗೇಟಿನ ಹತ್ತಿರ "ಲೋಟದಮ್ಮನ ಮನೆ ಯಾವುದು" ಎಂದು ಮೆಲ್ಲಗೆ ಕೇಳಿ ಹುಡುಕಿಕೊಂಡು ಬರುತ್ತಾರೆ. ಒಂಬತ್ತು ವರ್ಷದಿಂದ ದಿನಕ್ಕೆ ಎರಡು ಪಡಿ ರಾಗಿ ಹಿಟ್ಟು ಇಲ್ಲಿ ಬೇಯುತ್ತಿದೆ. ಮಾರಿಕುಪ್ಪದ ಕಡೆಯಿಂದಲೂ ನಡೆದು ಬರುವವರಿದ್ದಾರೆ.

ಲೈನಿನ ಹೆಂಗಸರು ಇದನ್ನು ಮೆಚ್ಚಬೇಕಿತ್ತು. ಮೆಚ್ಚುವುದಿಲ್ಲ. ಕುಪ್ಪುಸ್ವಾಮಿಯ ಹೆಂಡತಿ ಅಮ್ಮಾಜಮ್ಮ ಈ ಕೂಟದ ಬಗ್ಗೆ ಬರೆಯಲು ಬಂದ ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿಕೊಂಡು ಹೇಳುತ್ತಾರೆ: "ಎಂಟು ವರ್ಸ ಕಾಲಿಡ್ಕಂಡೆ, ಬಿಡ್ಲಿಲ್ಲ. ಅವಳು ಒಂದ್ ಲೋಟ ಗಂಜಿ ಕೊಟ್ರೆ ಬಿಡ್ತಾನಂತೆ! ಆ ಗಂಜೀಲಿ ಏನಾಕ್ತಾಳೆ ಕೇಳಮ್ಮ."

ಕೇಳಿದೆ. ಕದಿರಮ್ಮ ಮೊದಲೆಲ್ಲ ಈ ಮಾತಿಗೆ ನಗುತ್ತಿದ್ದರಂತೆ. ಈಗ ನಗುವುದಿಲ್ಲ. "ಅಮ್ಮಾಜಿ ಒಟ್ಟೆಯುರಿ ನಂಗೀಗ ಅರ್ತ ಆಯ್ತದೆ ಕಣಮ್ಮ," ಎನ್ನುತ್ತಾರೆ.

ಹಲಗೆಯ ತುದಿಯಲ್ಲಿ ಇಪ್ಪತ್ತನಾಲ್ಕನೆಯ ಲೋಟ ಇದೆ. ಅದರಲ್ಲಿ ಯಾರೂ ಒಮ್ಮೆಯೂ ಗಂಜಿ ಕುಡಿದಿಲ್ಲ. ಉಳಿದ ಲೋಟಗಳಿಗೆ ಬೂದಿ, ಇದಕ್ಕೆ ಹುಣಸೆಹಣ್ಣು; ದಿನಾ ಉಜ್ಜುತ್ತಾರೆ. ಅದು ಗಂಡ ಕೋದಂಡಪ್ಪನವರದು. ಕೋದಂಡಪ್ಪ ಗಣಿಯಲ್ಲಿ ಮರದ ಆಸರೆ ನಿಲ್ಲಿಸುವ ಕೆಲಸದವರು, ಊರಿಗೆಲ್ಲ ಗೊತ್ತಿದ್ದ ಕುಡುಕರು. ಈ ಒಲೆ ಹಚ್ಚಿದ್ದೇ ಅವರಿಗಾಗಿ. ಅವರು ಒಂದೇ ಒಂದು ಬೆಳಿಗ್ಗೆ ಬಂದು ಚಾಪೆಯ ಅಂಚಿನಲ್ಲಿ ಕೂತರು, ಗಂಜಿ ಹುಯ್ಯುವ ಮೊದಲೇ ಎದ್ದು ಹೋದರು.

ಏಳು ತಿಂಗಳ ಹಿಂದೆ ಕೋದಂಡಪ್ಪ ಭಾನುವಾರ ಭಾನುವಾರ ಬಂಗಾರಪೇಟೆಯ ರೈಲು ಹತ್ತತೊಡಗಿದರು. ತಲೆಗೆ ಎಣ್ಣೆ, ಮಡಿ ಪಂಚೆ. ಕದಿರಮ್ಮನಿಗೆ ಅನುಮಾನ ಬಂತು. ಒಂದು ಭಾನುವಾರ ಹೆಂಗಸರ ಡಬ್ಬಿಯಲ್ಲಿ ಕೂತು ಹಿಂದೆಯೇ ಹೋದರು.

"ಯಾವಳೋ ಅವ್ಳೆ ಅಂದ್ಕಂಡೆ. ಇದ್ಲು! ನರಸಮ್ಮ ಅಂತ. ಟೇಸನ್ ಇಂದ್ಗಡೆ ಛತ್ರದಾಗೆ ಅವಳ್ದೂ ಇಂತದೇ ಕೂಟ. ಗಂಜಿ ಅಲ್ಲ, ಮಜ್ಗೆ. ಆವಯ್ಯ ಎದ್ ನಿಂತು ಏನೋ ಹೇಳ್ತಾವ್ನೆ, ಗೂಡ್ಸ್ ಗಾಡಿ ಸದ್ದಿಗೆ ಒಂದಕ್ಸರ ಕೇಳ್ಲಿಲ್ಲ. ಎಲ್ರೂ ನಗ್ತಾವ್ರೆ. ಅವ್ನೂ ನಗ್ತಾವ್ನೆ. ನನ್ನ ಮುಂದೆ ನಕ್ಕಿ ಹತ್ತು ವರ್ಸ ಆಯ್ತಮ್ಮ."

ಅಂದಿನಿಂದ ಇಂದಿನವರೆಗೆ ಕೋದಂಡಪ್ಪ ಒಂದು ತೊಟ್ಟು ಮುಟ್ಟಿಲ್ಲ.

"ಸಂತೋಷವಲ್ಲವೇ?" ಎನ್ನುತ್ತೇನೆ.

"ಐತೆ. ಬೆಂಕೀನೂ ಐತೆ. ಊರೋರ ಗಂಡಂದ್ರನ್ನೆಲ್ಲ ನಾನು ಬಿಡಿಸ್ದೆ. ನನ್ನ ಗಂಡನ್ನ ಅವಳು ಬಿಡಿಸೋದಾ? ಇನ್ಯಾರ ಗಂಡನ್ನಾದ್ರೂ ಬಿಡಿಸಿದ್ರೆ ಅವಳ ಕಾಲಿಗೆ ಬೀಳ್ತಿದ್ದೆ."

ಕೋದಂಡಪ್ಪ ಜಗಲಿಯ ಮೇಲೆ ಬೀಡಿ ಹಚ್ಚುತ್ತ, ಒಳಗೆ ಕೇಳದ ಹಾಗೆ ಹೇಳುತ್ತಾರೆ: "ತಪ್ಪು ತಿಳೀಬ್ಯಾಡಿ ತಾಯಿ. ನಾನು ಮಾಡಿದ್ದನ್ನ ಈಕೆ ಮುಂದೆ ಏನಂತ ಏಳ್ಲಿ? ಎಲ್ಲಾನೂ ಅನುಭವಿಸಿದೋಳೇ ಈಕೆ. ಅಲ್ಲಿ ನಾನ್ಯಾರು ಅಂತ ಯಾರಿಗ್ಗೊತ್ತು? ಅದುಕ್ಕೇ ಅಲ್ಲಿ ಮಾತು ಬತ್ತದೆ."

ಹೋದ ಭಾನುವಾರ ಅವರು ಹಲಗೆಯ ಮುಂದೆ ಬಂದು ನಿಂತರು. ಕದಿರಮ್ಮ ಗಡಬಡಿಸಿ ಎದ್ದರು. ಚಾಪೆ ಕೊಡವಿ ಹಾಸಿದರು. ಕೋದಂಡಪ್ಪ ಕೂರಲಿಲ್ಲ. "ಆ ಲೋಟ ಕೊಡ್ತೀಯಾ? ಛತ್ರದಾಗೆ ಲೋಟ ಸಾಲ್ದು. ಅವರವರ್ದು ಅವರವರೇ ತರ್ಬೇಕಂತೆ."

ಒಂಬತ್ತು ವರ್ಷ ಉಜ್ಜಿದ ಲೋಟ.

"ನೀವೇನು ಮಾಡಿದಿರಿ?"

ಕದಿರಮ್ಮ ಸೌಟು ಕೆಳಗಿಡುತ್ತಾರೆ. "ಮುಂದಿನ ವಾರ ತಕ್ಕಂಡೋಗು ಅಂದೆ. ಮಾರ್ನೇ ದಿನ ಪಾತ್ರೆ ಮ್ಯಾಲೆ ಹೆಸ್ರು ಕೊರಿಯೋ ಚಿಕ್ಕವೆಂಕಟಪ್ಪನ್ತಾವ ಹೋದೆ. ಕಲಾಯಿನೂ ಆಕ್ಸಿದೆ, ಹುಳಿ ಮಜ್ಗೆಗೆ ಹಿತ್ತಾಳೆ ಕಿಲುಬು ಬಿಟ್ಟು ಆವಯ್ಯನ ಒಟ್ಟೆ ಕೆಡಬಾರ್ದಲ್ಲ."

ಹಲಗೆಯ ತುದಿಯಿಂದ ಆ ಲೋಟ ತೆಗೆದು ತೋರಿಸುತ್ತಾರೆ. ಸುತ್ತ ಚುಕ್ಕಿ ಚುಕ್ಕಿಯಾಗಿ ದಪ್ಪ ಅಕ್ಷರ: ಕೋದಂಡಪ್ಪನ ಹೆಂಡತಿ ಕದಿರಮ್ಮ, ಊರಿಗಾಂ. ಅವರಿಗೆ ಓದಲು ಬಾರದು. ಒಂದೊಂದೇ ಅಕ್ಷರದ ಮೇಲೆ ಬೆರಳು ಆಡಿಸುತ್ತ ನನ್ನಿಂದ ಓದಿಸಿಕೊಳ್ಳುತ್ತಾರೆ.

"ಸರಿಯಾಗೈತಾ?"

"ಸರಿಯಾಗಿದೆ."

"ಆ ನರಸಮ್ಮಂಗೆ ಓದಾಕೆ ಬತ್ತದಂತೆ," ಎಂದು ಲೋಟವನ್ನು ಸೆರಗಿನಿಂದ ಇನ್ನೊಮ್ಮೆ ಒರೆಸುತ್ತಾರೆ. "ಒಳ್ಳೇದೇ ಆಯ್ತು. ಮಜ್ಗೆ ಉಯ್ಯೋವಾಗೆಲ್ಲ ಓದ್ಕಳ್ಲಿ."