ಅಮೆರಿಕದ ಉಪ್ಪಿಟ್ಟಿನ ಮುಯ್ಯಿ

ಸಿದ್ದೇಗೌಡರು ಅಮೆರಿಕವನ್ನು ಬಯ್ಯುವಾಗ ಏಕವಚನ, ಹೊಗಳುವಾಗಲೂ ಏಕವಚನ. ಪಕ್ಕದಲ್ಲಿ ನಿಂತು ಕೇಳಿದವರಿಗೆ ಇದೊಂದು ದೇಶದ ಮಾತು ಅನ್ನಿಸುತ್ತಿರಲಿಲ್ಲ. ಬೈರಮಂಗಲದ ಕೆರೆಯಾಚೆ ಮನೆ ಮಾಡಿಕೊಂಡಿರುವ, ಕೈಯೂ ದೊಡ್ಡದು ಬಾಯಿಯೂ ದೊಡ್ಡದು ಎನ್ನುವಂಥ ಒಬ್ಬ ದಾಯಾದಿಯ ಮಾತು ಅನ್ನಿಸುತ್ತಿತ್ತು. ಗೌಡರು ಮೈಸೂರಿನಿಂದಾಚೆ ಹೋದವರೇ ಅಲ್ಲ.

ನಾನು ವ್ಯಾಯಾಮ ಶಿಕ್ಷಕನಾಗಿ ನಿವೃತ್ತನಾಗಿ, ಬಿಡದಿಯ ಹತ್ತಿರದ ನಮ್ಮೂರಿಗೆ ಬಂದು ನೆಲೆಸಿದ್ದೆ. ಐದಕ್ಕೆ ಏಳುವುದು, ನಡಿಗೆ ಮುಗಿಸುವುದು, ಆಮೇಲೆ ಜಗಲಿಯಲ್ಲಿ ಪತ್ರಿಕೆ ಹಿಡಿಯುವುದು ನನ್ನ ಕ್ರಮ. ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ನನ್ನ ಪಕ್ಕ ಕೂರುವುದು ಗೌಡರ ಕ್ರಮ. ಪತ್ರಿಕೆಯಲ್ಲಿ ಅವರಿಗೆ ಬೇಕಾದದ್ದು ವಿದೇಶದ ಪುಟ ಮಾತ್ರ. "ನಮ್ಮವನದೇನು ಇವತ್ತು?" ಎಂದು ಕೇಳುತ್ತಿದ್ದರು.

ಆ ದೇಶದಲ್ಲಿ ಐವತ್ತು ರಾಜ್ಯಗಳಿವೆ, ಒಂದೊಂದಕ್ಕೂ ಅದರದೇ ಕಾನೂನು ಎಂದು ಒಮ್ಮೆ ವಿವರಿಸಲು ಹೋದೆ. ಗೌಡರು ಕೈ ಅಡ್ಡ ಹಿಡಿದರು.

"ಅದ್ರಲ್ಲೇನೈತೆ ಮೇಷ್ಟ್ರೇ? ಐವತ್ ಜನ ಅಣ್ತಮ್ಮಂದ್ರು. ಒಲೆ ಬ್ಯಾರೆ, ಹೊಸ್ಲು ಒಂದೇ. ಒಳಗೆ ಕಿತ್ತಾಡ್ತಾರೆ, ಬೀದಿಗ್ ಬಂದ್ರೆ ಎಲ್ಲಾ ಒಟ್ಗೇ ತೋಳು ಏರುಸ್ತಾರೆ."

ಅಮೆರಿಕ ದೂರದ ಮರಳುಗಾಡಿನ ದೇಶದ ಮೇಲೆ ಯುದ್ಧಕ್ಕೆ ಹೋದಾಗ ಅವರಿಗೆ ವಿಪರೀತ ಕೋಪ ಬಂದಿತ್ತು. ಸ್ವಲ್ಪ ದಿನ ಕಳೆದು ಅದೇ ದೇಶದ ಜನಕ್ಕೆ ಅಮೆರಿಕದಿಂದ ಔಷಧಿ, ಆಹಾರ ಹೋಯಿತೆಂಬ ಸುದ್ದಿ ಓದಿದೆ. "ನೋಡುದ್ರಾ, ನಮ್ಮ ಹಳೇ ಪಟೇಲ್ರ ಥರ. ಜಗಳ ಹಚ್ಚೋಕೂ ಅವರೇ ಬರ್ಬೇಕು, ಜಗಳ ಬಿಡಿಸಿ ಗಾಯಕ್ಕೆ ಅರಿಶಿನ ಮೆತ್ತೋಕೂ ಅವರೇ ಬರ್ಬೇಕು" ಎಂದು ಕ್ಯಾನು ಎತ್ತಿಕೊಂಡು ಎದ್ದರು.

ಇಷ್ಟು ಬಯ್ಯುವವರಿಗೆ ಆ ದೇಶದ ಮೇಲೆ ಇಷ್ಟೊಂದು ಸಲುಗೆ ಎಲ್ಲಿಂದ ಬಂತು? ಅವರು ಹುಡುಗರಾಗಿದ್ದಾಗ ಸರ್ಕಾರಿ ಶಾಲೆಯಲ್ಲಿ ಅಮೆರಿಕದಿಂದ ಬಂದ ಹಳದಿ ಜೋಳದ ರವೆಯ ಉಪ್ಪಿಟ್ಟು ಕೊಡುತ್ತಿದ್ದರು. ಮನೆಯಲ್ಲಿ ಒಲೆ ಹತ್ತದ ದಿನಗಳಲ್ಲೂ ಆ ಉಪ್ಪಿಟ್ಟು ತಪ್ಪಲಿಲ್ಲ. ಈ ಋಣವನ್ನು ಅವರು ಮರೆತಿರಲಿಲ್ಲ. ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿಯಿದೆ. ನಿಮ್ಮ ಹೊಲಕ್ಕೆ ಒಬ್ಬರು ಬಂದು ದುಡಿದರೆ, ಕೂಲಿ ಕೊಡುವಂತಿಲ್ಲ. ನೀವೂ ಅವರ ಹೊಲಕ್ಕೆ ಹೋಗಿ ದುಡಿದು ಮುಯ್ಯಿ ತೀರಿಸಬೇಕು. ತೀರಿಸದವನಿಗೆ ಊರಲ್ಲಿ ಮಾತಿಲ್ಲ.

"ಸಾಯೋದ್ರೊಳಗೆ ಒಬ್ಬ ಅಮೆರಿಕದವನ್ಗೆ ನಮ್ಮನೇಲಿ ಉಪ್ಪಿಟ್ಟು ಬಡಿಸ್ಬೇಕು ಮೇಷ್ಟ್ರೇ. ಇಲ್ದಿದ್ರೆ ಈ ಮುಯ್ಯಿ ಹೊತ್ಕೊಂಡೇ ಹೋಗ್ಬೇಕಾಯ್ತದೆ."

ಅವರ ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಒಳಗಿನಿಂದ ಅವರ ಹೆಂಡತಿ ಪುಟ್ಟತಾಯಮ್ಮ ಹೇಳುತ್ತಿದ್ದರು: "ಮದ್ವೆಯಾದಾಗಿಂದ ಮುದ್ದೆ ತಿರುವ್ತಾ ಇವ್ನಿ. ಈ ಮುಯ್ಯಿ ಯಾವಾಗ ತೀರ್ಸದು, ಕೇಳಿ ಮೇಷ್ಟ್ರೇ."

ಬಿಡದಿಯ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ನಮ್ಮೂರ ಪಕ್ಕದ ಹೊಸ ಕಾರ್ಖಾನೆಗೆ ಯಂತ್ರ ಕೂರಿಸಲು ಡೇವಿಡ್ ಎಂಬ ಅಮೆರಿಕದ ಇಂಜಿನಿಯರ್ ಬಂದಿದ್ದಾನೆ, ಸುಗ್ಗಿ ಮುಗಿಯುವುದರೊಳಗೆ ವಾಪಸು ಹೋಗುತ್ತಾನೆ ಎಂಬ ಸುದ್ದಿ ಬಂತು. ಗೌಡರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಗೇಟಿಗೆ ಹೋದರು.

"ಯಾರನ್ನ ನೋಡ್ಬೇಕು?" ಎಂದ ಕಾವಲಿನವನು.

"ಅಮೆರಿಕದವ್ನ."

"ಏನು ಕೆಲಸ?"

"ಉಪ್ಪಿಟ್ಟು."

ಗೇಟು ತೆರೆಯಲಿಲ್ಲ. ಮರುದಿನ ನಾನೂ ಜೊತೆಗೆ ಹೋಗಿ ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಆಗಲೂ ತೆರೆಯಲಿಲ್ಲ. ಗೌಡರು ಧೃತಿಗೆಡದೆ, ಕೋಳಿ ಆಹಾರದ ಅಂಗಡಿಯಿಂದ ಹಳದಿ ಜೋಳ ತಂದು ಮಿಲ್ಲಿನಲ್ಲಿ ರವೆ ಒಡೆಸಿಟ್ಟುಕೊಂಡರು. ರಾಗಿ ಬೆಳೆಯುವ ನಮ್ಮೂರಲ್ಲಿ ಅಂಥ ಜೋಳ ಬೇರೆಲ್ಲೂ ಸಿಗುತ್ತಿರಲಿಲ್ಲ. "ಕೋಳೀಗ್ ಹಾಕೋದ್ನ ನೆಂಟನ್ಗೆ ಹಾಕ್ತೀರಾ?" ಎಂದು ಪುಟ್ಟತಾಯಮ್ಮ ಕೇಳಿದರು. "ನಂಗೂ ಅದೇ ಹಾಕಿದ್ದು, ಬೆಳೀನಿಲ್ವಾ?" ಎಂದರು ಗೌಡರು.

ದಾರಿ ತೆರೆದದ್ದು ರಾಗಿಯಿಂದ. ಗೌಡರ ಮನೆ ರಸ್ತೆಗೆ ಅಂಟಿಕೊಂಡೇ ಇತ್ತು. ಕಾರ್ಖಾನೆಗೆಂದು ಅಲ್ಲಿ ಒಳ್ಳೆಯ ಟಾರು ಬಿದ್ದ ಮೇಲೆ ನಮ್ಮವರೆಲ್ಲ ಕಣ ಮಾಡುವುದನ್ನೇ ಬಿಟ್ಟಿದ್ದರು. ಕೊಯ್ದ ರಾಗಿಯನ್ನು ರಸ್ತೆಗೆ ಹರಡುವುದು, ಲಾರಿ ಕಾರುಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರುವುದು. ಅಂದು ಬೆಳಿಗ್ಗೆ ಒಂದು ಬಿಳಿ ಕಾರು ಗೌಡರ ರಾಗಿಯ ಮುಂದೆ ಬಂದು ಗಕ್ಕನೆ ನಿಂತಿತು. ಅದರಿಂದ ಇಳಿದವನು ಡೇವಿಡ್. ಮುಂದೆ ಹೋಗು ಎಂದು ಗೌಡರು ಕೈ ಬೀಸಿದರು, ಅವನು ಒಲ್ಲೆನೆಂದು ತಲೆಯಾಡಿಸಿದ. ಚಾಲಕ ಚನ್ನಪಟ್ಟಣದವನು, ಕಿಟಕಿಯಿಂದ ತಲೆ ಹೊರಹಾಕಿ ನಗುತ್ತಿದ್ದ.

"ಯಜಮಾನ್ರೇ, ಊಟದ ಪದಾರ್ಥದ ಮೇಲೆ ಕಾರು ಹತ್ತಿಸ್ಬೇಡ ಅಂತಾವ್ರೆ ಸಾಹೇಬ್ರು."

"ಹತ್ಸೋಕೇ ಕಣಪ್ಪ ಹರಡಿರೋದು. ಒಸಿ ಹೇಳು ಅವನ್ಗೆ."

ಚಾಲಕ ನಗುತ್ತಲೇ ಇದ್ದ, ನಡಿಗೆ ಮುಗಿಸಿ ಬಂದು ಅಲ್ಲೇ ನಿಂತಿದ್ದ ನಾನೇ ಹೇಳಿದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನನ್ನು ತಡೆಯುವುದು ಕಷ್ಟವಾಯಿತು. ತಾನೇ ಚಾಲಕನ ಜಾಗದಲ್ಲಿ ಕೂತು ಹಿಂದಕ್ಕೂ ಮುಂದಕ್ಕೂ ಓಡಿಸಿದ. ಇಳಿದು ಬಂದು ಒಂದು ತೆನೆಯನ್ನು ಉಜ್ಜಿ ನೋಡಿ, ಎಡಗಡೆ ಇನ್ನೂ ಉದುರಿಲ್ಲ ಎಂದು ಮತ್ತೆ ಹತ್ತಿದ. ಕೊನೆಗೆ, ಇದಕ್ಕೆ ಇನ್ನೂ ಒಳ್ಳೆಯ ಉಪಾಯವಿದೆ ಎಂದು ಕಡ್ಡಿಯಿಂದ ಮಣ್ಣಿನ ಮೇಲೆ ಯಂತ್ರದ ಚಿತ್ರ ಬರೆಯಲು ಕೂತ.

"ಇದೇ ನೋಡಿ ಅಮೆರಿಕ," ಎಂದು ಗೌಡರು ನನ್ನ ಕಿವಿಯಲ್ಲಿ ಹೇಳಿದರು. "ಕೇಳ್ದೇ ಇದ್ರೂ ಸರಿಮಾಡೋಕೆ ಬತ್ತಾನೆ."

ಆ ಭಾನುವಾರ ಡೇವಿಡ್ ಊಟಕ್ಕೆ ಬಂದ. ಪುಟ್ಟತಾಯಮ್ಮ ಇಂಗು ಕರಿಬೇವಿನ ಒಗ್ಗರಣೆ ಹಾಕಿ ಹಳದಿ ಉಪ್ಪಿಟ್ಟು ಮಾಡಿದ್ದರು. ಗೌಡರು ಉಣ್ಣದೆ ಎದುರಿಗೆ ಕೂತು, ಅವನ ಕೈ ಎಲೆಯಿಂದ ಬಾಯಿಗೆ ಹೋಗುವುದನ್ನೇ ನೋಡುತ್ತಿದ್ದರು. ಅವನು ಎರಡನೆಯ ಸಲ ಬಡಿಸಿಕೊಂಡು, ನಮ್ಮಜ್ಜಿಯೂ ಇದನ್ನೇ ಮಾಡುತ್ತಿದ್ದಳು, ಬೆಣ್ಣೆ ಸಕ್ಕರೆ ಹಾಕಿ ಎಂದ.

"ಸಕ್ರೆಯಾ? ಪಾಪ, ಅವ್ರಜ್ಜಿಗೆ ಒಗ್ಗರಣೆ ಹೇಳ್ಕೊಡೋರು ಯಾರೂ ಇರ್ನಿಲ್ವಾ ಕೇಳಿ ಮೇಷ್ಟ್ರೇ."

ಕೇಳಿದೆ. ಅವನು ಬಹಳ ಹೊತ್ತು ನಕ್ಕ. ಕಾರು ಹೋದ ಮೇಲೆ ನಾನು ಗೌಡರ ಕೈ ಕುಲುಕಿ, "ಅಂತೂ ಮುಯ್ಯಿ ತೀರಿಸಿದಿರಿ" ಎಂದೆ. ಗೌಡರ ಮುಖ ಸ್ವಲ್ಪ ಸ್ವಲ್ಪವಾಗಿ ಸಪ್ಪಗಾಯಿತು.

"ಎಲ್ಲಿ ತೀರ್ತು? ಅವ್ನು ಬಂದು ನನ್ ರಾಗಿ ಒಕ್ಬುಟ್ನಲ್ಲ. ಇವತ್ತಿನ್ ಉಪ್ಪಿಟ್ಟು ಆ ಒಕ್ಕಣೆಗೆ ಸರಿಹೋಯ್ತು. ಇಸ್ಕೂಲಿಂದು ಹಂಗೇ ಐತೆ."

ಎರಡು ದಿನ ಅವರು ಜಗಲಿಗೆ ಬರಲಿಲ್ಲ. ಮೂರನೆಯ ದಿನ ಬಂದು ಕ್ಯಾನು ಇಟ್ಟು, "ಇರ್ಲಿ ಬುಡಿ. ಮುಯ್ಯಿ ಪೂರ್ತಿ ತೀರುದ್ರೆ ನೆಂಟಸ್ತನ್ವೂ ತೀರ್ತದೆ, ಆಮೇಲೆ ಬಯ್ಯೋಕೆ ಬಾಯಿ ಇರಾಕಿಲ್ಲ. ನಮ್ಮವನದೇನು ಇವತ್ತು?" ಎಂದರು.

ಮುಂದಿನ ವರ್ಷ ರಾಗಿ ಬಿತ್ತಿದ ಮೇಲೆ ಗೌಡರು ಮಲಗಿದರು. ನಾನು ಪತ್ರಿಕೆ ತೆಗೆದುಕೊಂಡು ಅವರ ಮಂಚದ ಬಳಿಗೇ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಅವರು ಪುಟ ಕೇಳಲಿಲ್ಲ. "ರವೆ ಡಬ್ಬದಲ್ಲೈತೆ. ಅವ್ನೇನಾರ ಬಂದ್ರೆ ಉಣ್ಸದೆ ಬುಡ್ಬ್ಯಾಡಿ" ಎಂದರು. ಪೈರು ತೆನೆ ಕಟ್ಟುವ ಮೊದಲೇ ಹೋದರು.

ಆ ಸುಗ್ಗಿಯಲ್ಲಿ ಪುಟ್ಟತಾಯಮ್ಮನೇ ರಸ್ತೆಗೆ ರಾಗಿ ಹರಡಿ, ಕೋಲು ಹಿಡಿದು ತಿರುವಿಹಾಕುತ್ತಿದ್ದರು. ನಡಿಗೆ ಮುಗಿಸಿ ಬರುತ್ತಿದ್ದ ನಾನು ಅಲ್ಲಿ ನಿಂತಿದ್ದೆ. ಬಿಳಿ ಕಾರು ಬಂದು ನಿಂತಿತು. ಯಂತ್ರದ ತಪಾಸಣೆಗೆಂದು ಡೇವಿಡ್ ಮತ್ತೆ ಬಂದಿದ್ದ. ಗೌಡರೆಲ್ಲಿ ಎಂದು ಕೇಳಿದ. ಹೇಳಿದೆ. ಅವನು ಟೋಪಿ ತೆಗೆದು, ರಾಗಿಯನ್ನು ನೋಡುತ್ತ ನಿಂತ. ಆಮೇಲೆ ಚಾಲಕನನ್ನು ಇಳಿಸಿ, ತಾನೇ ಒಳಗೆ ಕೂತು, ಕಾರನ್ನು ರಾಗಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸತೊಡಗಿದ.

ಪುಟ್ಟತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡಿ ಮೇಷ್ಟ್ರೇ, ಈಯಪ್ಪ ಮತ್ತೆ ಮುಯ್ಯಿ ಹೊರುಸ್ತಾವ್ನೆ. ತಗಳಿ, ಒಸಿ ತಿರುವಾಕಿ."

ಕೋಲನ್ನು ನನ್ನ ಕೈಗೆ ಕೊಟ್ಟು, ರವೆ ಹುರಿಯಲು ಒಳಗೆ ಹೋದರು.